ಹೆಸರಿನ ಜಾಗ

ಅಸ್ಮಾಳ ಕೆನ್ನೆಗೆ ಅರಿಷಿಣ ಹಚ್ಚತೊಡಗಿದಾಗ ಹುಡುಗಿಯರು ಮೊಬೈಲನ್ನು ಸ್ಟೀಲಿನ ಡಬರಿಯೊಳಗೆ ಇಟ್ಟರು. ಡಬರಿಯ ಬಾಯಿಂದ ಪಕ್ಕದ ಮನೆಯ ಗುಲಾಬಬಿಯ ಹಾಡಿನ ದನಿ ದಪ್ಪಗಾಗಿ ಎದ್ದು ಪಡಸಾಲೆಯನ್ನೆಲ್ಲ ತುಂಬಿತು. ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ ಸುಗ್ರಾಬಿಯ ಮಡಿಲಲ್ಲಿ ಢೋಲಕಿ ಇತ್ತು. ಮೊಮ್ಮಗಳ ಮದುವೆಗೆಂದು ಬಿಸಿಲಿಗೆ ಕಾಯಿಸಿ, ಹಗ್ಗ ಬಿಗಿದು ಹದ ಮಾಡಿಟ್ಟುಕೊಂಡಿದ್ದಳು. ಬಾರಿಸೆಂದು ಯಾರೂ ಕೇಳಲಿಲ್ಲ.

‘ಹೊಸ್ತಿಲ ದಾಟುವಾಗ ಒಂದ ಗಳಿಗಿ ನಿಲ್ಲ, ಹಿಂದಕ್ಕೊಮ್ಮಿ ನೋಡ, ನನ ಮಗಳ ಅಲ್ಫಿಯಾ...’

"ಅಲ್ಫಿಯಾ ಅಂದ್ರ ಯಾರವಾ? ಮದುಮಗಳ ಹೆಸರು ಅಸ್ಮಾ ಅಲ್ಲೇನು?" ಗಂಡಿನ ಕಡೆಯ ಮುದುಕಿಯೊಬ್ಬಳು ಕೇಳಿದಳು.

"ಅಕಿ ಮೊಬೈಲಿನ್ಯಾಗಿನ ಹುಡುಗಿ ಬಿಡ್ರಿ. ಈಗ ಯಾರ ಮದಿವ್ಯಾಗೂ ಅಕಿನ ಮದುಮಗಳು," ಎಂದು ಹುಡುಗಿಯೊಬ್ಬಳು ಹೇಳಿದಾಗ ಎಲ್ಲರೂ ನಕ್ಕರು. ಅರಿಷಿಣ ಮೆತ್ತಿದ ಅಸ್ಮಾಳೂ ನಕ್ಕಳು. ಸುಗ್ರಾಬಿ ಢೋಲಕಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಆ ಹಾಡನ್ನು ಕಟ್ಟಿದವಳು ಅವಳ ಅವ್ವ ರಮಜಾನಬಿ. ಒಬ್ಬಳೇ ಮಗಳ ಮದುವೆಯ ಹಿಟ್ಟು ಬೀಸುತ್ತ, ಬೀಸುಕಲ್ಲಿನ ಮುಂದೆಯೇ ಕಟ್ಟಿದ್ದಳು. ಅದನ್ನು ಹಾಡುವುದಕ್ಕೆ ಒಂದು ರೀತಿಯಿತ್ತು. ಯಾರ ಮನೆಯ ಅರಿಷಿಣವೋ ಆ ಮನೆಯ ಮಗಳ ಹೆಸರು ಹಾಡಿನಲ್ಲಿ ಬರಬೇಕು. ಹೆಸರು ಬರುವಾಗ ಢೋಲಕಿ ನಿಲ್ಲಬೇಕು. "ಹೆಸರಿನ ಮ್ಯಾಲ ಪೆಟ್ಟು ಬೀಳಬಾರದು," ಎನ್ನುತ್ತಿದ್ದಳು ಅವ್ವ.

ಗುಲಾಬಬಿ ಮುಳಗುಂದಕ್ಕೆ ಸೊಸೆಯಾಗಿ ಬಂದವಳು. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಹಾಡು ಕಲಿತದ್ದು ರಮಜಾನಬಿಯ ಹೊಸ್ತಿಲಲ್ಲಿ ಕೂತೇ. ಮುಂದೆ ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲಿ ಮದುವೆಯಾದರೂ ಇಬ್ಬರಿಗೂ ಕರೆ ಬರುತ್ತಿತ್ತು. ಅವಳದು ದನಿ, ಇವಳದು ಕೈ. ರಮಜಾನಬಿ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿಯೊಂದು ಇಬ್ಬರನ್ನೂ ಕರೆಸಿ ಹಾಡಿಸಿ, ಒಂದೊಂದು ಸೀರೆ ಉಡಿಸಿ ಕಳಿಸಿತ್ತು. ಕ್ಯಾಸೆಟ್ಟು ಮೂಲೆಗೆ ಬಿದ್ದ ಎಷ್ಟೋ ವರ್ಷಗಳ ಬಳಿಕ ಗುಲಾಬಬಿಯ ಮಗ, ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟ ಇಲಿಯಾಸ, ಅಡುಗೆಮನೆಯಲ್ಲಿ ತಾಯಿ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದ. ಯಾರ ಮದುವೆಯೂ ಇರಲಿಲ್ಲವಲ್ಲ, ಗುಲಾಬಬಿ ಎದುರಿಗೆ ಆಡುತ್ತಿದ್ದ ಮೊಮ್ಮಗಳು ಅಲ್ಫಿಯಾಳ ಹೆಸರನ್ನೇ ಸೇರಿಸಿಬಿಟ್ಟಿದ್ದಳು. ತಾಳಕ್ಕೆ ಕೊಡದ ಮೇಲೆ ಬಡಿದಿದ್ದಳು, ಹೆಸರಿನ ಮೇಲೂ.

ಗೋಡೆ ಒಂದೇ. ಗುಲಾಬಬಿ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸುಗ್ರಾಬಿಯ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದದ್ದು ಅದು.

ಮದುವೆಯ ಚಪ್ಪರ ಬಿಚ್ಚಿದ ಮೇಲೆ ಇಲಿಯಾಸ ತಾಯಿಯನ್ನು ಕರೆದುಕೊಂಡು ಬಂದ. ಅವನ ಮುಖದಲ್ಲಿ ಕಳೆಯಿರಲಿಲ್ಲ.

"ಕ್ಯಾಸೆಟ್ ಕಂಪನ್ಯಾವ್ರು ನೋಟೀಸ್ ಕಳಿಸ್ಯಾರ, ಖಾಲಾ. ಹಾಡು ತಮ್ಮದಂತ. ನಾ ಕದ್ದು ಹಂಚೀನಂತ. ಡಂಬಳದಾಗ ಹಿಂಗ ಹಂಚಿದಾಂವನ ಮ್ಯಾಲ ಆಗಲೇ ಕೇಸ್ ಹಾಕ್ಯಾರ. ಅಂಗಡಿ ಮುಚ್ಚೂ ಹೊತ್ತು ಬಂದೈತಿ. ವಕೀಲ್ರು ನಿಮ್ಮನ್ನೂ ಕರಕೊಂಡು ಬಾ ಅಂದ್ರು."

ಬಾಯಾರಿದಾಗ ಪಾನಕ ಇಳಿದ ಹಾಗೆ ಸುಗ್ರಾಬಿಯ ಹೊಟ್ಟೆ ತಣ್ಣಗಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೆ ತಂಪು ಹೋಗಲಿಲ್ಲ.

"ಈಗ ಕೂಗು ಹಾಕಾಕ ಬಂತೇನು?" ಎಂದಳು. ಗುಲಾಬಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ಗದಗಿನ ಮಾರ್ತಾಂಡ ವಕೀಲರು ಸಮಾಧಾನದ ಮನುಷ್ಯ. "ನೋಡ್ರಿ, ಕ್ಯಾಸೆಟ್ಟು ಅವರದು, ಖರೆ. ಆದ್ರ ಇಂವ ಹಾಕಿದ್ದು ಕ್ಯಾಸೆಟ್ಟಲ್ಲ, ಮನ್ಯಾಗ ಹಾಡಿದ್ದು. ಇನ್ನ ಹಾಡು ಯಾರದು ಅನ್ನೋದಷ್ಟ ಪ್ರಶ್ನೆ. ಮೊದಲಿಂದ ಮಂದಿಯೆಲ್ಲಾ ಹಾಡಿಕೊಂಡು ಬಂದದ್ದಿದ್ರ ಅವರ ಕೇಸ್ ನಿಲ್ಲೂದಿಲ್ಲ."

"ಎಲ್ಲಾರೂ ಹಾಡತಿದ್ರು ರೀ ಸಾಹೇಬ್ರ," ಗುಲಾಬಬಿ ನೆಲ ನೋಡುತ್ತ ಹೇಳಿದಳು. "ಹಳಿ ಹಾಡು. ಇಂಥಾರು ಕಟ್ಯಾರಂತ ಯಾರಿಗೆ ಗೊತ್ತೈತಿ."

"ನೀವೇನಂತೀರಿ, ಅಮ್ಮಾ?"

ಸುಗ್ರಾಬಿ ಗುಲಾಬಬಿಯನ್ನೇ ನೋಡಿದಳು. ಅವಳು ಕತ್ತು ಎತ್ತಲಿಲ್ಲ.

"ಅಕಿಗೆ ಗೊತ್ತೈತ್ರಿ. ನಮ್ಮವ್ವ ಕಟ್ಟಿದ್ದು. ನಮ್ಮ ಹೊಸ್ತಿಲದಾಗ ಕುಂತು ಕಲತಾಳ."

ವಕೀಲರು ಕನ್ನಡಕ ತೆಗೆದರು. "ನಿಮ್ಮ ತಾಯಿ ಕಂಪನಿಗೆ ಏನರೆ ಬರದು ಕೊಟ್ಟಿದ್ರೇನು?"

"ಆವಾಗ ಅವ್ವ ಇರಲೇ ಇಲ್ಲ. ಅಕಿಗೆ ನಾ ಒಬ್ಬಾಕಿನ ಮಗಳು. ನಾವು ಹಾಡಿ ಬಂದ್ವಿ, ಏನೂ ಬರದು ಕೊಟ್ಟಿಲ್ಲ."

"ಹಂಗಾದ್ರ ಹಾಡು ಕಂಪನಿದೂ ಅಲ್ಲ, ಇಲಿಯಾಸನದೂ ಅಲ್ಲ. ನಿಮ್ಮದು. ನೀವು ಇರಲಿ ಅಂದ್ರ ಇರ್ತದ. ತಗಿ ಅಂದ್ರ ಇಂವ ತಗೀಬೇಕು."

ನಿನ್ನದು ಎಂಬ ಮಾತನ್ನು ಆ ಹಾಡಿನ ಬಗ್ಗೆ ಸುಗ್ರಾಬಿಗೆ ಯಾರೂ ಹೇಳಿರಲಿಲ್ಲ. ಅವಳು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದಳು.

"ಖಾಲಾ," ಇಲಿಯಾಸ ಕೈ ಜೋಡಿಸಿದ. "ಲಕ್ಷಗಟ್ಟಲೆ ಮಂದಿ ಕೇಳ್ಯಾರ."

"ಅದನ್ನ ತಗಿ. ಹೊಸಾದು ಹಾಕು. ನಾ ಬಾರಸ್ತೀನಿ, ಅಕಿ ಹಾಡ್ಲಿ. ನಮ್ಮ ಅಸ್ಮಾಳ ಹೆಸರು ಬರಬೇಕು."

"ತಗದ್ರ ಮತ್ತ ಸೊನ್ನಿಯಿಂದ ಸುರು ಆಗತೈತಿ, ಖಾಲಾ. ಯಾರ್ ಕೇಳತಾರ?"

"ಅದನ್ನ ನಿಮ್ಮವ್ವನ್ನ ಕೇಳು."

"ತಗಿ ಅದನ್ನ," ಎಂದಳು ಗುಲಾಬಬಿ.

ಮುಳಗುಂದದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ನಡುವೆ ಗುಲಾಬಬಿಯ ಚೀಲ. ಮುಂದಿನ ಸೀಟಿನ ಹೆಂಗಸಿನ ಮೊಬೈಲ್ ರಿಂಗಾಯಿತು: ಹೊಸ್ತಿಲ ದಾಟುವಾಗ ಒಂದ ಗಳಿಗಿ ನಿಲ್ಲ... ಹೆಂಗಸು ಬೇಗ ಎತ್ತಲಿಲ್ಲ. ಇಬ್ಬರೂ ನೇರ ಮುಂದೆ ನೋಡುತ್ತ ಕೇಳಿದರು.

"ಕರೀಬಾರದಂತಲೇ ಕರೀಲಿಲ್ಲ, ಬೂಬು," ಎಂದಳು ಗುಲಾಬಬಿ, ಕಿಟಕಿಯ ಕಡೆ ತಿರುಗಿ. "ಎಲ್ಲೆ ಹೋದ್ರೂ ಮಂದಿ ‘ಸುಗ್ರಾಬಿ ಕೈ ನೋಡ್ರಿ, ಕೈ ನೋಡ್ರಿ’ ಅಂತಿದ್ರು. ಒಂದ ಸಲಾನರೆ ಬರೇ ನನ್ನ ದನಿ ಕೇಳಲಿ ಅನಿಸ್ತು."

ಸುಗ್ರಾಬಿ ತನ್ನ ಅಂಗೈ ನೋಡಿಕೊಂಡಳು. ತನ್ನ ಕೈಯನ್ನು ಯಾರಾದರೂ ಹಾಗೆ ಹೊಗಳಿದ್ದು ಅವಳಿಗೆ ನೆನಪೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಗುಲಾಬಬಿಯ ಅಡುಗೆಮನೆಯಲ್ಲಿ ಚಾಪೆ ಹಾಸಿದರು. ಇಲಿಯಾಸ ಎಲ್ಲರೆದುರೇ ಹಳೆಯದನ್ನು ನೆಟ್ಟಿನಿಂದ ತೆಗೆದು, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ. ಶಾಲೆಯಿಂದ ಬಂದ ಅಲ್ಫಿಯಾ ಪಾಟಿಚೀಲವನ್ನು ಹೆಗಲಿಂದ ಇಳಿಸದೆ ಬಂದು ಅಜ್ಜಿಯ ತೊಡೆಗೆ ಒರಗಿ ಕುಳಿತಳು.

"ನನ್ನ ಹಾಡೇನು, ದಾದಿ?"

ಗುಲಾಬಬಿ ಅವಳ ತಲೆ ಸವರಿದಳು. ಹಾಡು ಎತ್ತಿದಳು. ಸುಗ್ರಾಬಿಯ ಬೆರಳುಗಳು ಢೋಲಕಿಯ ಚರ್ಮದ ಮೇಲೆ ತಾವಾಗಿಯೇ ದಾರಿ ಹಿಡಿದವು. ಎಷ್ಟೋ ದಿನಗಳ ಮೇಲೆ ದನಿ ಮತ್ತು ಕೈ ಕೂಡಿದ್ದವು. ಒಂದು ಇನ್ನೊಂದನ್ನು ಹಿಂದೆ ಹಾಕಲಿಲ್ಲ. ಇಲಿಯಾಸ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದ.

‘ಹೊಸ್ತಿಲ ದಾಟುವಾಗ ಒಂದ ಗಳಿಗಿ ನಿಲ್ಲ...’

ಹುಡುಗಿ ಮುಂದಿನದನ್ನು ಬಲ್ಲವಳು. ಅಜ್ಜಿಯ ಬಾಯನ್ನೇ ನೋಡುತ್ತ, ತನ್ನ ಹೆಸರು ಬರುವ ಮೊದಲೇ ನಗಲು ಸುರು ಮಾಡಿದ್ದಳು.

‘ಹಿಂದಕ್ಕೊಮ್ಮಿ ನೋಡ, ನನ ಮಗಳ...’

ಸುಗ್ರಾಬಿಯ ಕೈ ಢೋಲಕಿಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಗುಲಾಬಬಿ ಉಸಿರೆಳೆದುಕೊಂಡು ಸುಗ್ರಾಬಿಯ ಮುಖ ನೋಡಿದಳು.