ಅಣ್ಣನ ಟ್ರಂಪೆಟ್ಟಿಗೆ ಮೂರನೇ ದರ್ಜೆ

ಒದ್ದೆ ಹೊದಿಕೆಯ ಒಂದು ತುದಿ ಗಂಡನ ಕೈಯಲ್ಲಿ, ಇನ್ನೊಂದು ತುದಿ ತಟ್ಟೆಯಕ್ಕನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿರುವಾಗ ಗೇಟಿನಾಚೆಯಿಂದ ಗುಜರಿಯವನ ಕೂಗು ಬಂತು.

"ಅಕ್ಕಾ, ಡ್ಯಾನ್ಸ್ ಬ್ಯಾಂಡಿನ ರೆಕಾರ್ಡು ಬಂದಿವೆ! ಒಂದು ಪೆಟ್ಟಿಗೆ ತುಂಬಾ!"

ತಟ್ಟೆಯಕ್ಕ ತನ್ನ ತುದಿಯನ್ನು ಬಿಟ್ಟೇಬಿಟ್ಟಳು. ಹೊದಿಕೆ ಗಂಡನ ಮೈಗೆ ರಪ್ಪನೆ ಬಡಿಯಿತು.

"ನನ್ನನ್ನೂ ಹಗ್ಗಕ್ಕೆ ಹಾಕಿ ಹೋಗೇ, ಒಣಗ್ಲಿ," ಎಂದ ಗಡಿಯಾರ ರಿಪೇರಿ ಮಾಡುವ ಆ ಗಂಡ.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು ಆಕೆ. ಹಳೇ ಡ್ಯಾನ್ಸ್ ಬ್ಯಾಂಡುಗಳ ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕುವ ಹುಚ್ಚು ನೋಡಿ ಬೀದಿಯವರು ತಟ್ಟೆಯಕ್ಕ ಎಂದು ಹೆಸರಿಟ್ಟಿದ್ದರು. ಆ ಹುಚ್ಚು ಹುಟ್ಟಿದ್ದು ಮಾತ್ರ ಒಂದು ತಪ್ಪಿನಿಂದ. ಆಕೆಯ ಅಣ್ಣ ಹೋಟೆಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಆ ಬ್ಯಾಂಡು ತನ್ನ ಜನ್ಮದಲ್ಲಿ ಮಾಡಿದ್ದು ಒಂದೇ ರೆಕಾರ್ಡು. ಹಡಗಿನ ಬ್ಯಾಂಡು ಸೇರಿ ಹೊರಡುವಾಗ ಅಣ್ಣ ಅದನ್ನು ತಂಗಿಯ ಕೈಗಿಟ್ಟು "ಜೋಪಾನ" ಎಂದಿದ್ದ. ಆಕೆಯೂ ದಾದಿಗೆ ತಿಳಿದ ರೀತಿಯಲ್ಲಿ ಜೋಪಾನ ಮಾಡಿದಳು. ಧೂಳು ಕಂಡಿತೆಂದು ಹತ್ತಿಗೆ ಸ್ಪಿರಿಟ್ ಹಾಕಿ ಗಸಗಸ ಉಜ್ಜಿದಳು. ಅರಗಿನ ತಟ್ಟೆಗೆ ಸ್ಪಿರಿಟ್ ಆಗದು ಎಂದು ಆಗ ಯಾರಿಗೆ ಗೊತ್ತು? ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ತಟ್ಟೆಯಲ್ಲಿ ಬುಸ್ಸೆಂಬ ಸದ್ದೊಂದೇ ಉಳಿಯಿತು.

ಅಣ್ಣ ಫೋನಿನಲ್ಲಿ ಕೇಳಿದಾಗಲೆಲ್ಲ, "ಕಪಾಟಲ್ಲಿ ಭದ್ರವಾಗಿದೆ ಕಣೋ," ಎನ್ನುತ್ತಲೇ ಬಂದಳು. ನಿಜವನ್ನು ಬರೆದ ಕಾಗದವೂ ಹನ್ನೊಂದು ವರ್ಷದಿಂದ ಅದೇ ಕಪಾಟಿನಲ್ಲಿ ಭದ್ರವಾಗಿತ್ತು. ಅದೇ ರೆಕಾರ್ಡಿನ ಇನ್ನೊಂದು ಪ್ರತಿ, ಅದೂ ಗೀರು ಬಿರುಕಿಲ್ಲದ ಒಂದನೇ ದರ್ಜೆಯದು, ಸಿಕ್ಕ ದಿನವೇ ಆ ಕಾಗದವನ್ನು ಅಂಚೆಗೆ ಹಾಕುವುದೆಂದು ಹಟ.

ಗುಜರಿಯವನು ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಇಳಿಸಿದ. "ಎಲ್ಲಾ ಫಸ್ಟ್ ಕ್ಲಾಸ್ ಅಕ್ಕಾ. ಹೇಗೆ ಮಿಂಚ್ತಿವೆ ನೋಡಿ."

"ಬೂಟ್ ಪಾಲಿಶ್ ಬಳಿದ್ರೆ ನೀನೂ ಮಿಂಚ್ತೀಯ. ಸುಮ್ನಿರು."

ದೀಪವನ್ನು ಓರೆಯಾಗಿಟ್ಟು ಒಂದೊಂದನ್ನೇ ಬೆಳಕಿಗೆ ಹಿಡಿದಳು. ಗೀರಿದ್ದದ್ದು ಆ ಕಡೆ, ಅಂಚು ಒಡೆದದ್ದು ಈ ಕಡೆ. ಹನ್ನೆರಡನೆಯದಕ್ಕೆ ಕೈ ನಿಂತಿತು. ಕೆಂಪು ಲೇಬಲ್ಲು. ಅಣ್ಣನ ರೆಕಾರ್ಡಿನ ನಂಬರು ಆಕೆಗೆ ತನ್ನ ವಯಸ್ಸಿಗಿಂತ ಚೆನ್ನಾಗಿ ನೆನಪಿತ್ತು.

"ರೀ! ಬನ್ರೀ ಇಲ್ಲಿ! ಮುನ್ನೂರ ಹದಿನೇಳು!"

ಗಂಡ ನೀರಿಳಿಯುವ ಅಂಗಿಯಲ್ಲೇ ಓಡಿಬಂದ. ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅಂಚಿನ ಗುಂಟ ನೋಡುತ್ತ ಬಂದು, ಒಂದು ಕಡೆ ನಿಲ್ಲಿಸಿದ.

"ಬಿರುಕಿದೆ ಕಣೇ. ಕೂದಲೆಳೆಯಷ್ಟು."

ಆದರೂ ಆಕೆ ಗ್ರಾಮಫೋನಿಗೆ ಹೊಸ ಮುಳ್ಳು ಹಾಕಿ, ಕೀಲಿ ಕೊಟ್ಟು, ಮುಳ್ಳನ್ನು ಮೆಲ್ಲಗೆ ತಟ್ಟೆಯ ಮೇಲೆ ಇಳಿಸಿದಳು. ಟಕ್. ಟಕ್. ಸುತ್ತಿಗೊಂದು ಟಕ್. ಅದರ ನಡುವೆ ಪಿಟೀಲುಗಳು, ಡ್ರಮ್ಮು. ಆಮೇಲೆ, ಉಳಿದವರಿಗಿಂತ ಅರ್ಧ ತಾಳ ಮುಂಚೆಯೇ ನುಗ್ಗಿದ ಒಂದು ಟ್ರಂಪೆಟ್!

"ಅವ್ನೇ!" ತಟ್ಟೆಯಕ್ಕ ಚಪ್ಪಾಳೆ ತಟ್ಟಿ ಕೂಗಿದಳು. "ಊಟಕ್ಕೂ ಹಾಗೇ, ಕರೆಯೋ ಮೊದ್ಲೇ ಬಂದು ಕೂರ್ತಿದ್ದ! ಅವ್ನೇ ಕಣ್ರೀ!"

ಒದ್ದೆ ಗಂಡನನ್ನು ಹಿಡಿದು ಎರಡು ಸುತ್ತು ತಿರುಗಿಸಿದಳು. ಗುಜರಿಯವನ ಕಾಲೂ ಸುಮ್ಮನಿರಲಿಲ್ಲ.

ಮುಳ್ಳು ಎತ್ತಿದ ಮೇಲೆ, ಪ್ರತಿ ತಟ್ಟೆಗೂ ಅಂಟಿಸುವ ದರ್ಜೆಯ ಚೀಟಿ ಕೈಗೆತ್ತಿಕೊಂಡಳು.

"ಒಂದು ಅಂತ ಬರ್ದುಬಿಡೇ. ನಿಮ್ಮಣ್ಣಂದಲ್ವಾ?"

"ನಮ್ಮಪ್ಪಂದಾದ್ರೂ ಬಿರುಕು ಬಿರುಕೇ." ಮೂರು ಎಂದು ಬರೆದಳು. ಬರೆದವಳು ಚೀಟಿಯನ್ನೇ ನೋಡುತ್ತ ಕೂತಳು. ಹಟದ ಪ್ರಕಾರ ಕಾಗದ ಇನ್ನೂ ಕಪಾಟಿನಲ್ಲೇ ಇರಬೇಕು.

ಗಂಡ ಅಂಗಿಯ ಚುಂಗು ಹಿಂಡಿಕೊಂಡ. "ಒಂದನೇದಕ್ಕೆ ಕಾಯ್ತೀಯಾ? ನಿಮ್ಮಣ್ಣಂಗೆ ಎಂಬತ್ತೆರಡು. ಅವ್ನೂ ಈಗ ಮೂರನೇ ದರ್ಜೆನೇ."

ಆಕೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು ಕಪಾಟಿನಿಂದ ಕಾಗದ ತೆಗೆದು, ಕೊನೆಯಲ್ಲಿ ಸೇರಿಸಿದಳು: "ಇನ್ನೊಂದು ಸಿಕ್ಕಿದೆ. ಮೂರನೇ ದರ್ಜೆ, ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ನೀನು ಮಾತ್ರ ಈಗಲೂ ಅರ್ಧ ತಾಳ ಮುಂಚೆ. ಬಂದು ಕೇಳು."

ಬೀದಿಯ ಕೊನೆಯಲ್ಲಿ ಅಂಚೆಯವನು ಡಬ್ಬಿ ಬರಿದು ಮಾಡಿ ಬೀಗ ಹಾಕುತ್ತಿದ್ದ.

"ಇರಪ್ಪಾ, ಇರು!" ಚಪ್ಪಲಿ ಮರೆತು ಓಡಿದ ತಟ್ಟೆಯಕ್ಕ ಕಾಗದವನ್ನು ನೇರ ಅವನ ಚೀಲದೊಳಕ್ಕೇ ಹಾಕಿದಳು.