ಏಳು ಜನ ಹತ್ತುವವರೆಗೆ

ಭಾವನ ಬೆರಳು ಇನ್ನೂ ಕಂಪ್ಯೂಟರಿನ ಸ್ವಿಚ್ಚಿನ ಮೇಲಿದ್ದಾಗಲೇ ಅವಳು ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಗಂಡನ ಅಣ್ಣನ ಕೈಯನ್ನು ಅವಳು ಮುಟ್ಟಿದ್ದು ಇದೇ ಮೊದಲು.

"ಆರಿಸಬೇಡಿ ಭಾವ."

"ಏನಮ್ಮಾ ಇದು! ಅಲ್ಲಿ ಹೆಣ ಮಲಗಿಸಿದೀವಿ, ಇಲ್ಲಿ ಆಟದ ಪೆಟ್ಟಿಗೆ ಉರೀತಾ ಇದೆ. ಇನ್ನೇನು ಅವನ ಆಫೀಸಿನವರು ಬರ್ತಾರೆ. ಅರವತ್ತೆರಡು ವರ್ಷದ ಗಂಡಸು ಕಂಪ್ಯೂಟರ್ ಆಟ ಆಡ್ತಾ ಆಡ್ತಾ ಹೋದ ಅಂತ ಗೊತ್ತಾದ್ರೆ ನಮ್ಮ ಮಾನ ಉಳಿಯುತ್ತಾ?"

ಭಾವ ಇಪ್ಪತ್ತು ವರ್ಷ ಹೆಡ್‌ಮಾಸ್ಟರಾಗಿದ್ದವರು. ತಾವು ಗಂಟೆ ಹೊಡೆಸಿದರೆ ಲೋಕವೆಲ್ಲ ಸಾಲಾಗಿ ನಿಲ್ಲಬೇಕು ಎಂಬ ಅಭ್ಯಾಸ ರಿಟೈರಾದರೂ ಬಿಟ್ಟಿರಲಿಲ್ಲ. ಆದರೆ ಅವಳು ಕೈ ಬಿಡಲಿಲ್ಲ.

ಗಂಡ ನಿನ್ನೆ ಸಂಜೆ ಐದೂವರೆಗೆ ಇದೇ ಕುರ್ಚಿಯಲ್ಲಿ ಹೋಗಿಬಿಟ್ಟಿದ್ದ. "ಒಂದು ಲೋಟ ನೀರು ಕೊಡೆ" ಅಂದವನು ಅವಳು ನೀರು ತರುವಷ್ಟರಲ್ಲಿ ಇರಲಿಲ್ಲ. ಹೋಗುವ ಮುಂಚೆ ಆಟವನ್ನು ಮಾತ್ರ ಮರೆಯದೆ ತಡೆದು ನಿಲ್ಲಿಸಿದ್ದ. ಪರದೆಯ ಮೇಲೆ ಕಪ್ಪು ನೀಲಿ ಸಮುದ್ರ, ಕಿರುಬೆರಳಷ್ಟು ಉದ್ದದ ಜಲಾಂತರ್ಗಾಮಿ, ಮೂಲೆಯಲ್ಲಿ ಒಂದು ದ್ವೀಪ, ಅದರ ದಡದಲ್ಲಿ ಏಳು ಬಿಳಿ ಚುಕ್ಕಿ.

"ಬಂದರಿಗೆ ವಾಪಸ್ ಬರೋವರೆಗೆ ಈ ಆಟ ಏನನ್ನೂ ಉಳಿಸಿಕೊಳ್ಳಲ್ಲ ದೊಡ್ಡಪ್ಪ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಅತ್ತು ಅತ್ತು ಕಣ್ಣು ಊದಿದ್ದರೂ ಮಾತು ನೆಟ್ಟಗಿತ್ತು. "ಅಪ್ಪ ಹನ್ನೊಂದು ದಿನದಿಂದ ಕಂಪ್ಯೂಟರ್ ಆರಿಸಿಲ್ಲ. ಈಗ ಆರಿಸಿದ್ರೆ ಅಷ್ಟೂ ಹೋಯ್ತು."

"ಹೋಗ್ಲಿ! ಸತ್ತವನಿಗೆ ಯಾವ ಬಂದರು?"

"ಅವರಿಗಲ್ಲ ಭಾವ," ಎಂದಳು ಅವಳು. "ದಡದಲ್ಲಿ ಏಳು ಜನ ಕೂತಿದಾರೆ."

ಅವಳು ಹೇಳಿದ ರೀತಿಗೆ ಭಾವ ಒಂದು ಗಳಿಗೆ ಕಿಟಕಿಯಾಚೆ ಇಣುಕಿ ನೋಡಿದರು.

*

ಅವಳ ಗಂಡ ಮೂವತ್ತನಾಲ್ಕು ವರ್ಷ ಲಿಫ್ಟ್ ನಡೆಸಿದ. ಒಂಬತ್ತು ಮಹಡಿಯ ಆಫೀಸು. ಬೆಳಗಿನಿಂದ ಸಂಜೆಯವರೆಗೆ ಮಂಚದಗಲದ ಪೆಟ್ಟಿಗೆಯೊಳಗೆ ಸ್ಟೂಲು ಹಾಕಿಕೊಂಡು ಕೂತು, ಕಂಡವರು ಹೇಳಿದ ಮಹಡಿಗೆ ಹೋಗುವುದು, ಬರುವುದು. ಅವನ ಬಾಯಲ್ಲಿದ್ದದ್ದು ಎರಡೇ ಮಾತು: "ಎಷ್ಟನೇದು ಸಾರ್?", "ಆಗಲಿ ಸಾರ್."

ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಆಫೀಸಿನ ನೆಲಮಾಳಿಗೆಯಲ್ಲಿ ದೊಡ್ಡ ಪೈಪು ಒಡೆಯಿತು. ಹಳೇ ಫೈಲುಗಳ ಕೋಣೆ ಗುಡಿಸುತ್ತಿದ್ದ ಆರು ಹೆಂಗಸರು ಒಳಗೇ ಸಿಕ್ಕಿಕೊಂಡರು. ಮೆಟ್ಟಿಲ ಕಡೆಯ ಶಟರ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಏಳಲಿಲ್ಲ. ಮ್ಯಾನೇಜರ್ ಮೇಲಿಂದ ಫೋನು ಮಾಡಿ, "ಹೊಸ ಲಿಫ್ಟು, ನೀರು ತಾಗಿದ್ರೆ ಸುಟ್ಟುಹೋಗುತ್ತೆ. ಮೇಲೆ ತಂದು ನಿಲ್ಲಿಸು. ಅವರನ್ನ ಫೈರ್ ಸರ್ವೀಸಿನವರು ನೋಡ್ಕೋತಾರೆ" ಎಂದರು. ಅವನು "ಆಗಲಿ ಸಾರ್" ಎಂದು ಫೋನಿಟ್ಟು ಕೆಳಗಿನ ಗುಂಡಿ ಒತ್ತಿದ. ಎರಡು ಸಲ ಇಳಿದು ಮೂವರು ಮೂವರಂತೆ ಆರೂ ಜನರನ್ನು ತಂದ. ಎರಡನೇ ಸಲ ಮೇಲೆ ಬಂದು ಬಾಗಿಲು ತೆರೆದದ್ದೇ ತಡ, ಲಿಫ್ಟು ಹೊಗೆ ಬಿಟ್ಟು ಸತ್ತೇಹೋಯಿತು.

ನಾಲ್ಕು ತಿಂಗಳು ಕೆಲಸದಿಂದ ಹೊರಗಿಟ್ಟರು. ಬರಬೇಕಿದ್ದ ಸೂಪರ್‌ವೈಸರ್ ಹುದ್ದೆ ಇನ್ಯಾರಿಗೋ ಹೋಯಿತು.

"ಅವರು ಯಾರೋ, ನೀವು ಯಾರೋ," ಎಂದು ಅವಳು ಹೊಲಿಗೆ ಮಷಿನ್ನಿನ ಮುಂದಿನಿಂದಲೇ ಕೂಗಾಡಿದ್ದಳು. "ಊರ ಉಸಾಬರಿ ನಿಮಗ್ಯಾಕೆ? ಮ್ಯಾನೇಜರ್ ಹೇಳಿದ ಮೇಲೆ ಮುಗೀತು. ನಾಳೆ ನಮ್ಮ ಮನೆ ಒಲೆ ಹಚ್ಚೋಕೆ ಆ ಆರು ಜನ ಬರ್ತಾರಾ?"

ಒಂದು ತಿಂಗಳು ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಕೋಪ ಇಳಿದ ಮೇಲೆ, ತಾನು ಆಡಿದ್ದು ತಪ್ಪು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಾಯಿತು. ಹೇಳಬೇಕು ಅಂದುಕೊಂಡಳು. ಇವತ್ತು, ನಾಳೆ ಅಂತ ಇಪ್ಪತ್ತೆರಡು ವರ್ಷ ಹೋಯಿತು.

ಆ ನಾಲ್ಕು ತಿಂಗಳಲ್ಲೇ ಈ ಕಂಪ್ಯೂಟರ್ ಮನೆಗೆ ಬಂದದ್ದು. ಆಫೀಸು ಗುಜರಿಗೆ ಹಾಕಿದ್ದನ್ನು ಗುಮಾಸ್ತನೊಬ್ಬ ತಂದುಕೊಟ್ಟಿದ್ದ, ಆಟ ಅದರೊಳಗೇ ಇತ್ತು.

*

ಹನ್ನೊಂದರ ಹೊತ್ತಿಗೆ ಆಫೀಸಿನವರು ಬಂದರು. ಭಾವ ಕಂಪ್ಯೂಟರಿದ್ದ ಒಳಕೋಣೆಯ ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತರು. ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು: "ಪೇಪರ್ ಓದ್ತಾ ಕೂತಿದ್ದ. ಓದ್ತಾ ಓದ್ತಾನೇ ಹೋದ. ಪುಣ್ಯವಂತ."

ಅವಳು ಗಂಡನ ತಲೆಯ ಹತ್ತಿರ ಕೂತು ಕೇಳಿಸಿಕೊಂಡಳು. ಪೇಪರು ಅವನು ಜನ್ಮದಲ್ಲಿ ಓದಿದವನಲ್ಲ. ಅಷ್ಟು ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತುತ್ತಲೇ ಇರಲಿಲ್ಲ.

ಕಸ ಗುಡಿಸುವ ಹೆಂಗಸೊಬ್ಬಳು ಬಂದು ಅವಳ ಪಕ್ಕ ಕೂತಳು. ಆ ಆರು ಜನರಲ್ಲಿ ಒಬ್ಬಳು; ಈಗ ಕೂದಲೆಲ್ಲ ಬೆಳ್ಳಗಾಗಿದೆ.

"ಪೇಪರ್ ಓದ್ತಾ ಇದ್ರಾ ಅಕ್ಕ?" ಎಂದಳು ನಂಬಿಕೆಯಿಲ್ಲದೆ. "ಹೋದ ವಾರ ದಾರೀಲಿ ಸಿಕ್ಕಿದ್ರು. ನಿಮ್ಮ ಹಡಗು ಎಲ್ಲಿಗೆ ಬಂತಣ್ಣ ಅಂತ ಕೇಳ್ದೆ. ಈ ಸಲ ಏಳೂ ಜನರನ್ನ ಹತ್ತಿಸ್ಕೊಂಡೇ ಬರೋದು ಅಂದ್ರು. ಹತ್ತಿಸ್ಕೊಂಡ್ರಾ?"

"ಇನ್ನೂ ಇಲ್ಲ," ಎಂದು ಅವಳು ಎದ್ದಳು.

"ವ್ಯಾನು ಬಂತು," ಎಂದರು ಭಾವ. "ಹನ್ನೆರಡಕ್ಕೆ ಅಲ್ಲಿರಬೇಕು. ಎತ್ತೋಣ."

"ಸ್ವಲ್ಪ ಪಕ್ಕಕ್ಕೆ ಬನ್ನಿ ಭಾವ."

"ಯಾಕೆ?"

"ನಾನು ಒಳಗೆ ಹೋಗ್ಬೇಕು."

"ನಿನಗೆ ಬುದ್ಧಿ ನೆಟ್ಟಗಿದೆಯಾ? ಜನ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಇವರು ಜೀವಮಾನವೆಲ್ಲ ಬೇರೆಯವರು ಬೆಲ್ ಒತ್ತಿದ ಕೂಡ್ಲೇ ಓಡಿದ್ದಾಯ್ತು. ಇವತ್ತೊಂದು ದಿನ ಬೇರೆಯವರು ಇವರಿಗೆ ಕಾಯ್ಲಿ." ಅವಳು ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದು, ಎಲ್ಲರಿಗೂ ಕಾಣುವ ಹಾಗೆ ಆ ಕುರ್ಚಿಯಲ್ಲಿ ಹೋಗಿ ಕೂತಳು.

*

ಆಟ ಅವಳಿಗೆ ದೂರದಿಂದ ಗೊತ್ತಿತ್ತು. ಪರದೆಯ ಅಂಚಿನ ಅಂಕಿಗಳು ಗಂಡನಿಗೆ ಕಾಣುತ್ತಿರಲಿಲ್ಲವಾದ್ದರಿಂದ ಅವಳೇ ಹೊಲಿಗೆ ಮಷಿನ್ನಿನ ಮುಂದೆ ಕೂತು, ಬಟ್ಟೆಗೆ ಅಂಚು ಹೊಲಿಯುತ್ತ, ಕತ್ತು ನೀಡಿ ಓದಿ ಹೇಳುತ್ತಿದ್ದಳು: "ನಲವತ್ತು ಮೀಟರ್... ಮೂವತ್ತೈದು... ಕಲ್ಲಿದೆ, ನೋಡ್ಕೊಳ್ಳಿ." ಹೊಲಿಸಿಕೊಳ್ಳಲು ಬಂದವರು ಗಂಡ ಹೆಂಡತಿ ಬಾವಿ ತೋಡುತ್ತಿದ್ದಾರೋ ಏನೋ ಎಂದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆದರೆ ಕೀಲಿಗಳನ್ನು ಅವಳು ಒಂದು ಸಲವೂ ಮುಟ್ಟಿರಲಿಲ್ಲ.

ಯುದ್ಧದ ಆಟ ಅದು. ಏಳು ಸೈನಿಕರನ್ನು ಶತ್ರುವಿನ ದ್ವೀಪಕ್ಕೆ ಇಳಿಸಬೇಕು, ಸೇತುವೆ ಒಡೆಸಬೇಕು, ತಿರುಗಿ ಹತ್ತಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಂದಾಗ ಪ್ರಧಾನ ಕಚೇರಿಯಿಂದ ಆಜ್ಞೆ ಬರುತ್ತಿತ್ತು: ಶತ್ರುವಿನ ಹಡಗು ಸಮೀಪಿಸಿದೆ, ಏಳು ಜನರನ್ನು ಬಿಟ್ಟು ಕೂಡಲೇ ಮುಳುಗಿ. ಆಗಲಿ ಎಂದು ವೈ ಒತ್ತಿದರೆ ಪದಕ, ಬಡ್ತಿ, ಮುಂದಿನ ಸಮುದ್ರ. ಇಲ್ಲ ಎಂದು ಎನ್ ಒತ್ತಿದರೆ ನಿಮ್ಮ ಹಣೆಬರಹ. ಅವನು ಇಪ್ಪತ್ತೆರಡು ವರ್ಷ ಎನ್ ಒತ್ತಿದ. ಮೂವರು ಹತ್ತುವಷ್ಟರಲ್ಲಿ, ಐವರು ಹತ್ತುವಷ್ಟರಲ್ಲಿ ಶತ್ರುವಿನ ಹಡಗು ಬಂದು ಬಡಿಯುತ್ತಿತ್ತು; ಹತ್ತಿದವರನ್ನಷ್ಟೇ ಹೊತ್ತು ಬಂದರಿಗೆ ಕುಂಟಿಕೊಂಡು ಬರಬೇಕಾಗುತ್ತಿತ್ತು. ಮುಂದಿನ ಸಮುದ್ರ ಹೇಗಿದೆ ಎಂದು ಅವನು ಕಣ್ಣಾರೆ ಕಾಣಲಿಲ್ಲ. ಒಮ್ಮೆ ಚಿಕ್ಕವಳಿದ್ದ ಮಗಳು ತಡೆಯಲಾರದೆ, ಅವನು ಮುಖ ತೊಳೆಯಲು ಎದ್ದಾಗ ವೈ ಒತ್ತಿಬಿಟ್ಟಿದ್ದಳು. ವಾದ್ಯ ಮೊಳಗಿತು, ಪದಕ ಬಂತು. ಅವನು ಅವಳಿಗೆ ಬೈಯಲಿಲ್ಲ, ಎರಡು ದಿನ ಊಟ ಮಾಡಲಿಲ್ಲ.

*

ಮಗಳು ಪಕ್ಕಕ್ಕೆ ಬಂದು ನಿಂತು, ನಿಂತ ಆಟವನ್ನು ಮತ್ತೆ ಹೊರಡಿಸುವ ಉದ್ದನೆಯ ಕೀಲಿ ತೋರಿಸಿದಳು. ಅವಳು ಒತ್ತಿದಳು. ಸಮುದ್ರ ಅಲುಗಾಡಿತು, ಏಳು ಚುಕ್ಕಿಗಳು ರಬ್ಬರ್ ದೋಣಿ ನೀರಿಗೆ ತಳ್ಳಿದವು. ಅಷ್ಟರಲ್ಲೇ ಪರದೆಯ ತುಂಬ ಕೆಂಪು ಅಕ್ಷರ.

"ಆಜ್ಞೆ ಬಂತಮ್ಮ," ಎಂದಳು ಮಗಳು. "ಬಿಟ್ಟು ಮುಳುಗಿ ಅಂತ."

"ಗೊತ್ತು." ಎನ್ ಎಲ್ಲಿದೆ ಎಂದು ಹುಡುಕಿ, ಗುಂಡಿ ಮುರಿದುಹೋಗುವ ಹಾಗೆ ಒತ್ತಿದಳು. "ನೀವು ಮಾಡಿದ್ದು ಸರಿ ಕಣ್ರಿ," ಎಂದಳು ಗಟ್ಟಿಯಾಗಿ, ಗಂಡನನ್ನು ಮಲಗಿಸಿದ್ದ ಹಜಾರದ ಕಡೆ ತಿರುಗಿ. "ಅವತ್ತೂ ಸರಿ." ಕಸ ಗುಡಿಸುವವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಲಗಡೆಯಿಂದ ಶತ್ರುವಿನ ಹಡಗು ಬಂತು. ಕುಣಿಕ್, ಕುಣಿಕ್ ಎಂದು ಅದು ನೀರಡಿ ಹುಡುಕುವ ಸದ್ದು.

"ಎಂಜಿನ್ ಹಾಕಮ್ಮ! ಅಪ್ಪ ಈಗ ದೋಣಿ ಹತ್ರ ಹೋಗ್ತಿದ್ರು."

"ಎಂಜಿನ್ ಯಾವುದು?"

"ನನಗೂ ಗೊತ್ತಿಲ್ಲ. ಅಪ್ಪ ಎರಡು ಕೈಲೂ ಏನೇನೋ ಒತ್ತೋರು."

"ಹಾಗಿದ್ರೆ ಸುಮ್ನಿರು," ಎಂದು ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಏನು ಒತ್ತಬೇಕೆಂದು ಗೊತ್ತಿಲ್ಲದವಳು ಏನನ್ನೂ ಒತ್ತಲಿಲ್ಲ. ಎಂಜಿನ್ ಹಾಕದ ಹಡಗು ಸದ್ದು ಮಾಡಲಿಲ್ಲ. ಶತ್ರುವಿನ ಹಡಗು ಹತ್ತಿರ ಬಂತು, ಅಲ್ಲೇ ಸುತ್ತಿತು, ಎಂಜಿನ್ ಸದ್ದಿಗಾಗಿ ಕಿವಿಗೊಟ್ಟಿತು. ಬಾಗಿಲಲ್ಲಿ ಆಫೀಸಿನವರು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ವ್ಯಾನಿನ ಡ್ರೈವರ್ ತಡವಾಯಿತೆಂದು ಹೇಳಲು ಬಂದವನು ಹೇಳುವುದನ್ನು ಬಿಟ್ಟು, "ಎಷ್ಟು ಜನ ಹತ್ತಿದ್ರು?" ಎಂದು ಕೇಳಿದ. ದೋಣಿ ತಾನಾಗಿ ಹುಟ್ಟು ಹಾಕುತ್ತ ಇಂಚಿಂಚಾಗಿ ಬರುತ್ತಿತ್ತು. ಪಾಪ, ದೋಣಿ ತಾನೇ ಬರುತ್ತದೆಂದು ಗಂಡನಿಗೆ ತಿಳಿದೇ ಇರಲಿಲ್ಲ. ಪ್ರತಿ ಸಲವೂ ತಾನೇ ಓಡಿದ್ದ.

"ಒಬ್ಬ ಹತ್ತಿದ," ಎಂದಳು ಮಗಳು. "ಇಬ್ಬರು. ಮೂವರು."

"ಅಲ್ಲಾಡಬೇಡಮ್ಮಾ," ಎಂದು ಯಾರೋ ಪಿಸುಗುಟ್ಟಿದರು. ನೋಡಿದರೆ ಭಾವ.

ಐವರು. ಆರನೆಯವನು. ಏಳನೆಯವನೂ ಹತ್ತಿದ. ಮುಚ್ಚಳ ಮುಚ್ಚಿತು, ಜಲಾಂತರ್ಗಾಮಿ ತಾನಾಗಿ ನೀರಡಿಗೆ ಇಳಿಯಿತು, ಶತ್ರು ದೂರ ಹೋದ. ಪರದೆ ಬದಲಾಗಿ ಬಂದರು ಬಂತು. ಏಳು ಚುಕ್ಕಿಗಳು ಸಾಲಾಗಿ ಇಳಿದು ದಡದ ಮೇಲೆ ನಡೆದವು. ಹಜಾರದಲ್ಲಿ ಯಾರೋ ಚಪ್ಪಾಳೆ ಹೊಡೆದು, ಸಾವಿನ ಮನೆಯೆಂದು ನೆನಪಾಗಿ ನಿಲ್ಲಿಸಿದರು.

ಆಮೇಲೆ ಮತ್ತೆ ಕೆಂಪು ಅಕ್ಷರ. ಮಗಳು ಓದಿ ನಕ್ಕಳು. ನಗುತ್ತಲೇ ಅತ್ತಳು.

"ಆಜ್ಞೆ ಮೀರಿದ್ದಕ್ಕೆ ನಿನ್ನನ್ನ ಕೆಲಸದಿಂದ ವಜಾ ಮಾಡಿದಾರಮ್ಮ. ಹೆಸರು ಬರೀಬೇಕಂತೆ."

ಕೆಳಗೆ ವಜಾ ಆದ ಕಮಾಂಡರುಗಳ ಪಟ್ಟಿ ಬಿಚ್ಚಿಕೊಂಡಿತು. ಉಳಿಸಿದವರ ಲೆಕ್ಕದ ಮೇಲೆ ಸಾಲು: ಐದು, ಐದು, ನಾಲ್ಕು, ನಾಲ್ಕು, ಮೂರು. ಒಂಬತ್ತು ಸಾಲು, ಒಂಬತ್ತರಲ್ಲೂ ಅವನದೇ ಹೆಸರು. ಎಲ್ಲಕ್ಕಿಂತ ಮೇಲೆ, ಏಳರ ಎದುರು, ಒಂದು ಸಾಲು ಖಾಲಿಯಿತ್ತು.

"ಅವನ ಹೆಸರೇ ಹಾಕು," ಎಂದರು ಭಾವ ಮೆತ್ತಗೆ.

"ಅವರದು ಅಷ್ಟೊಂದಿದೆಯಲ್ಲ ಭಾವ," ಎಂದಳು ಅವಳು. "ಇದು ನಂದು."

ಬೀದಿಯಲ್ಲಿ ಹಿಂದಿನ ಗಾಡಿಯವರು ವ್ಯಾನು ತೆಗೆಯಿರೆಂದು ಹಾರ್ನ್ ಹೊಡೆಯುತ್ತಿದ್ದರು. ಅವಳು ಕೀಲಿಮಣೆಯ ಮೇಲೆ ಬಾಗಿ, ಒಂದು ಬೆರಳಿನಿಂದ, ತನ್ನ ಹೆಸರಿನ ಮೊದಲ ಅಕ್ಷರವನ್ನು ಹುಡುಕತೊಡಗಿದಳು.