ಹತ್ತನೆಯವನು

ಪಂದ್ಯ ಮುಗಿಯುವ ಲಕ್ಷಣವೇ ಇರಲಿಲ್ಲ. ಆಶರ್ ಮತ್ತೆ ಗಡಿಯಾರ ನೋಡಿಕೊಂಡ. ಐದೂವರೆ. ಏಳಕ್ಕೆ ಲೀಡ್ಸಿನ ಸಿನಗಾಗ್‌ನಲ್ಲಿ, ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಇರಬೇಕು. ಇವತ್ತು ಅಪ್ಪ ಸತ್ತ ದಿನ. ವರ್ಷವರ್ಷವೂ ಈ ದಿನ ಸೂರ್ಯ ಮುಳುಗುವುದರೊಳಗೆ ಮಗ ಪ್ರಾರ್ಥನೆ ಹೇಳಬೇಕು. ಹೇಳಲು ಹತ್ತು ಮಂದಿ ಯೆಹೂದಿ ಗಂಡಸರು ಸೇರಬೇಕು. ಒಬ್ಬ ಕಡಿಮೆಯಾದರೂ ಆಗದು. ಹನ್ನೊಂದು ವರ್ಷ ಅವನು ಆ ಕಡೆ ತಲೆಹಾಕಿರಲಿಲ್ಲ. ಈ ಸಲ ಯಾಕೆ ಒಪ್ಪಿಕೊಂಡನೋ ಅವನಿಗೇ ತಿಳಿಯದು.

ಹಡರ್ಸ್‌ಫೀಲ್ಡಿನ ಈ ಒದ್ದೆ ಮೈದಾನದಲ್ಲಿ ಅವನು ಬೇಸ್‌ಬಾಲ್ ಕೋಚ್. ಹಿಂದೆ ಅಮೆರಿಕದಲ್ಲಿ ಆರು ವರ್ಷ ಸಣ್ಣಪುಟ್ಟ ಊರುಗಳ ತಂಡಗಳಿಗೆ ಚೆಂಡೆಸೆದವನು. ಒಂದೇ ಸಲ ದೊಡ್ಡ ತಂಡದಿಂದ ಕರೆ ಬಂತು, ಅದೂ ಯೆಹೂದಿಗಳು ಉಪವಾಸವಿದ್ದು ಯಾವ ಕೆಲಸವನ್ನೂ ಮುಟ್ಟದ ದಿನ. ಅಪ್ಪ ಬೇಡವೆಂದರು. ಹೋದ. ಇಡೀ ಪಂದ್ಯ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಬೇರೆ ಮಾತೂ ಅಷ್ಟಾಗಿ ಆಡಲಿಲ್ಲ.

ಕ್ಯಾಚರ್ ಗುರುಕಿರಣ್, ಬೆಂಗಳೂರಿನ ಎಂಜಿನಿಯರ್, ಯಾಕಿಷ್ಟು ಚಡಪಡಿಸುತ್ತಿದ್ದೀರಿ ಎಂದು ಕೇಳಿದ. ಹೇಳಬಾರದಿತ್ತು, ಆಶರ್ ಹತ್ತು ಜನರ ವಿಷಯವನ್ನೂ ಹೇಳಿಬಿಟ್ಟ.

"ಅಪ್ಪನ ತಿಥಿ ಬಿಡೋ ಹಾಗಿಲ್ಲ, ಕೋಚ್. ನೀವು ಹೊರಡಿ. ಇಲ್ಲಿದು ನಾನ್ ನೋಡ್ಕೋತೀನಿ."

ಆಶರ್ ಹೊರಡಲಿಲ್ಲ. ತಾನಿಲ್ಲದಿದ್ದರೂ ಪಂದ್ಯ ನಡೆಯುತ್ತದೆಂದು ಕಣ್ಣಾರೆ ಕಾಣುವುದು ಅವನಿಗೆ ಬೇಕಿರಲಿಲ್ಲ.

ಪಂದ್ಯ ಮುಗಿಸಿ ಸಿನಗಾಗ್ ತಲುಪಿದಾಗ ಏಳೂ ಇಪ್ಪತ್ತು. ಕಾದು ಸಾಕಾಗಿ ಒಬ್ಬರು ಮನೆಗೆ ಹೋಗಿದ್ದರು, ಆಶರ್ ಸೇರಿ ಉಳಿದವರು ಒಂಬತ್ತೇ ಮಂದಿ. ಉಸ್ತುವಾರಿಯ ಮುದುಕ ಲಿಯೋಪೋಲ್ಡ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಗುರುಕಿರಣ್. ಅವನ ಹಿಂದೆ, ಕೆಸರು ಮೆತ್ತಿದ ಜರ್ಸಿಗಳಲ್ಲೇ, ಇಡೀ ತಂಡ. ಇಲ್ಲಿ ತಲೆ ಮುಚ್ಚಬೇಕೆಂದು ಯಾರೋ ಹೇಳಿರಬೇಕು, ಎಲ್ಲರೂ ಆಟದ ಟೋಪಿಗಳನ್ನೇ ಹಾಕಿಕೊಂಡಿದ್ದರು.

"ಜನ ಕಮ್ಮಿ ಬೀಳಬಾರದು ಅಂತ ಬಂದ್ವಿ."

ಇಷ್ಟು ವರ್ಷಗಳಲ್ಲಿ ಆಶರ್‌ಗೆಂದು ಯಾರೂ ಎಲ್ಲಿಗೂ ಬಂದಿರಲಿಲ್ಲ. ಯೆಹೂದಿಗಳಲ್ಲದ ಇವರು ಯಾರೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಅಲ್ಲಿ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವ ಹಾಗಿಲ್ಲ. ಅದಕ್ಕೆಂದೇ ಧರ್ಮಗ್ರಂಥದ ಹತ್ತು ಪದಗಳ ಒಂದು ಸಾಲಿದೆ, ತಲೆಗೊಂದು ಪದ. ಬಾಗಿಲು ತೆರೆದಾಗಲೆಲ್ಲ ಎಣಿಸುವುದು ಮುದುಕನ ರೂಢಿ. ಶುರುಮಾಡಿದ. ತನಗೊಂದು, ಕುರ್ಚಿಗಳಲ್ಲಿದ್ದ ಏಳು ಮಂದಿಗೆ ಏಳು, ಆಶರ್‌ಗೆ ಒಂಬತ್ತನೆಯದು. ಅದೇ ಓಘದಲ್ಲಿ ಬೆರಳು ಮುಂದಕ್ಕೆ ಹೋಗಿ ಗುರುಕಿರಣ್‌ನ ಎದೆಯ ಮುಂದೆ ನಿಂತಿತು.

ತನ್ನ ಸರದಿ ಬಂತೆಂದು ಗುರುಕಿರಣ್ ನೆಟ್ಟಗಾದ, ಮುಗುಳ್ನಕ್ಕ.

ಮುದುಕನ ಬಾಯಿ ತೆರೆದೇ ಇತ್ತು. ಹತ್ತನೆಯ ಪದ ಹೊರಬರಲಿಲ್ಲ. ಬೆರಳೂ ಕೆಳಗಿಳಿಯಲಿಲ್ಲ.